ಉತ್ತರ ಕನ್ನಡದ ಗಾಡಿ, ತೇರು, ಮೋಟಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಜಾತ್ರೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಆಗಾಗ ಬರುವ ಕಾಗದಗಳಲ್ಲಿ ಜನ ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಲ ಪ್ರಶ್ನೆಗಳು

ನಮ್ಮ ಜಿಲ್ಲೆಯಲ್ಲಿ ಒಂದು ಕಾರಿನ ಕಾರ್ಖಾನೆಯೂ ಇಲ್ಲ. ಮತ್ತೆ ಎಂಥ ವಾಹನ ಪರಂಪರೆ ಮಾರಾಯ್ರೆ?

ಕಾರ್ಖಾನೆ ಇಲ್ಲ, ನಿಜ. ನಮ್ಮಲ್ಲಿ ವಾಹನದ ಕಥೆ ಎಂದರೆ ಬಡಗಿ, ಕಮ್ಮಾರ ಮತ್ತು ದಾರಿಯ ಕಥೆ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಘಟ್ಟ, ನಡುವೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಇಂಥ ನೆಲದಲ್ಲಿ ದೂರದ ದಾರಿಗೆ ಗಾಲಿ ಬಂದದ್ದೇ ತಡವಾಗಿ. ಹಾಗಾಗಿ ಎತ್ತಿನ ಗಾಡಿಯ ಕಾಲಕ್ಕೂ ಮೋಟಾರಿನ ಕಾಲಕ್ಕೂ ನಡುವೆ ಬಹಳ ಅಂತರ ಉಳಿಯಲಿಲ್ಲ. ಗಾಡಿ ಮಾಡಿದ ಮನೆತನದವರೇ ಲಾರಿಯ ಮೈ ಕಟ್ಟಲು ಕೂರುವಷ್ಟು ಹತ್ತಿರ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿಸಿದ್ದು ಇದೇ.

ಗಾಡಿಗಿಂತ ಮುಂಚೆ ಘಟ್ಟ ಹತ್ತೋದು ಹೇಗೆ?

ಸಾಮಾನು ಹೋಗುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ. ಎರಡೂ ಬದಿಗೆ ಗೋಣಿ ಇಳಿಬಿಟ್ಟ ಎತ್ತುಗಳು ಸಾಲಾಗಿ ಕಾಲುದಾರಿಯಲ್ಲಿ ಹತ್ತುತ್ತಿದ್ದವು. ಘಟ್ಟದ ಮೇಲಿಂದ ಅಡಿಕೆ, ಕಾಳುಮೆಣಸು, ಅಕ್ಕಿ. ಕೆಳಗಿಂದ ಸಾಣಿಕಟ್ಟಾದ ಉಪ್ಪು, ತೆಂಗಿನಕಾಯಿ, ಒಣಮೀನು. ಉಳ್ಳವರು ಮೇನೆಯಲ್ಲಿ ಕೂತರು, ಉಳಿದವರು ನಡೆದರು.

ನದಿ ಸಿಕ್ಕಲ್ಲಿ ದೋಣಿಯೇ ಬಂಡಿ. ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಹೊನ್ನಾವರದಿಂದ ಇಕ್ಕೇರಿಗೆ ಹೊರಟಾಗ ಗೇರುಸೊಪ್ಪೆಯವರೆಗೆ ಶರಾವತಿಯಲ್ಲೇ ಹೋದ, ಆಮೇಲೆ ಘಟ್ಟ ಹತ್ತಿದ. 1880ರ ದಶಕದ ಮೊದಲಲ್ಲಿ ಕಾರವಾರಕ್ಕೆ ಬಂದಿದ್ದ ರವೀಂದ್ರನಾಥ ಟಾಗೋರರು ಬೆಳದಿಂಗಳಲ್ಲಿ ಕಾಳಿ ನದಿ ಸುತ್ತಿದ್ದೂ ದೋಣಿಯಲ್ಲೇ. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಅಂದರೆ 250 ವರ್ಷ ಕಳೆದ ಮೇಲೂ ಈ ನಾಡಿನಲ್ಲಿ ಆರಾಮದ ಪ್ರಯಾಣ ಎಂದರೆ ನೀರಿನ ಮೇಲಿನದೇ.

ಗಾಡಿ ರಸ್ತೆ ಯಾವಾಗ ಬಂತು? ಬ್ರಿಟಿಷರಿಗೆ ನಮ್ಮ ಮೇಲೆ ಅಷ್ಟೊಂದು ಪ್ರೀತಿ ಯಾಕೆ?

ಪ್ರೀತಿ ನಮ್ಮ ಮೇಲಲ್ಲ, ಧಾರವಾಡ ಸೀಮೆಯ ಹತ್ತಿಯ ಮೇಲೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ನಿಂತು ಮ್ಯಾಂಚೆಸ್ಟರ್ ಗಿರಣಿಗಳು ಒದ್ದಾಡಿದವು. ಬಯಲುಸೀಮೆಯ ಹತ್ತಿಯನ್ನು ಬೇಗ ಹಡಗಿಗೆ ತಲುಪಿಸಬೇಕಿತ್ತು. ಹತ್ತಿರದ ದಾರಿ ಕಾರವಾರ, ಕುಮಟಾ. ಆದರೆ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಧಾರವಾಡ ಬಾಂಬೆ ಪ್ರಾಂತ್ಯದಲ್ಲಿ. ರಸ್ತೆಯ ಒಂದು ತುದಿ ಒಬ್ಬರ ಕೈಯಲ್ಲಿ, ಇನ್ನೊಂದು ತುದಿ ಇನ್ನೊಬ್ಬರ ಕೈಯಲ್ಲಿ. 1862ರಲ್ಲಿ ಜಿಲ್ಲೆಯನ್ನೇ ಬಾಂಬೆಗೆ ಸೇರಿಸಿದರು. ಘಟ್ಟದಲ್ಲಿ ಗಾಡಿ ಹತ್ತಿ ಇಳಿಯುವ ಏರಿನ ರಸ್ತೆಗಳಿಗೆ ಬಲವಾಗಿ ಹಣ ಬಿದ್ದದ್ದು ಆ ಹೊತ್ತಿನಲ್ಲಿ.

ಹೇರೆತ್ತಿಗಿಂತ ಗಾಡಿಯ ಲಾಭ ಎಷ್ಟು ಎಂದರೆ, ಒಂದು ಜೋಡಿ ಎತ್ತು ಬೆನ್ನ ಮೇಲೆ ಹೊರುವುದಕ್ಕಿಂತ ಹಲವು ಪಟ್ಟು ಭಾರವನ್ನು ಗಾಲಿಯ ಮೇಲೆ ಎಳೆಯುತ್ತದೆ. ಹತ್ತಿಯಂಥ ಉಬ್ಬಿದ ಸರಕಿಗಂತೂ ಗಾಡಿಯೇ ಬೇಕು.

ಆದರೆ ಸಂಭ್ರಮ ಜಾಸ್ತಿ ದಿನ ಉಳಿಯಲಿಲ್ಲ. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೇಲಿಂದ ಗೋವಾದ ಬಂದರು ಮರ್ಮಗೋವಾಕ್ಕೆ ರೈಲು ಓಡಿತು. ಹತ್ತಿ ಆ ಕಡೆ ತಿರುಗಿತು. ನಮಗೆ ಉಳಿದದ್ದು ರಸ್ತೆ, ಗಾಡಿ ಮತ್ತು ಗಾಡಿ ಮಾಡಲು ಕಲಿತ ಜನ.

ಕುಮಟಾ ಹತ್ತಿ ಅಂತ ಓದಿದ್ದೇನೆ. ಕುಮಟಾದಲ್ಲಿ ಹತ್ತಿ ಬೆಳೀತಿದ್ರಾ?

ಇಲ್ಲ. ಆ ಮಳೆಗೆ ಹತ್ತಿ ಎಲ್ಲಿ ನಿಲ್ಲುತ್ತದೆ? ಬೆಳೆದದ್ದು ಧಾರವಾಡ ಕಡೆ, ಹಡಗು ಹತ್ತಿದ್ದು ಕುಮಟಾದಲ್ಲಿ. ಪೇಟೆಯಲ್ಲಿ ಬಂದರಿನ ಹೆಸರೇ ಸರಕಿಗೆ ಅಂಟಿಕೊಂಡಿತು.

## ಗಾಡಿ ಮಾಡುವ ಕೆಲಸ

ಅಜ್ಜ "ಗಾಲಿಗೆ ಪಟ್ಟಿ ಏರಿಸೋ ದಿನ" ಅಂತ ದೊಡ್ಡ ಕಥೆ ಹೇಳ್ತಿದ್ರು. ಅದರಲ್ಲಿ ಅಂಥದ್ದೇನಿದೆ?

ಎಲ್ಲ ಇರುವುದೇ ಅದರಲ್ಲಿ. ಗಾಲಿಯ ನಡುವೆ ಗುಂಭ. ಅದಕ್ಕೆ ತೂತು ಕೊರೆದು ಅರೆ ಎಂಬ ಮರದ ಕಡ್ಡಿಗಳನ್ನು ಹೊಡೆಯುತ್ತಾರೆ, ಸಾಮಾನ್ಯವಾಗಿ 12. ಹೊರಗಿನ ಬಳೆ ಒಂದೇ ತುಂಡಲ್ಲ, ಬಾಗಿದ ಆರು ತುಂಡುಗಳು. ಒಂದೊಂದು ತುಂಡಿಗೆ ಎರಡೆರಡು ಅರೆ. ಅಂಟಿಲ್ಲ, ಮೊಳೆಯೂ ಇಲ್ಲ. ಬರೀ ಕೀಲು ಮತ್ತು ಬಿಗಿ. ಇದನ್ನು ಹಾಗೇ ರಸ್ತೆಗಿಳಿಸಿದರೆ ನಾಲ್ಕು ಗದ್ದೆ ದಾಟುವುದರೊಳಗೆ ಬಿಚ್ಚಿಕೊಳ್ಳುತ್ತದೆ.

ಇಲ್ಲಿಂದ ಮುಂದೆ ಕಮ್ಮಾರನ ಕೆಲಸ. ಅವನು ಕಬ್ಬಿಣದ ಪಟ್ಟಿಯನ್ನು ಬಳೆಯಾಗಿ ಬೆಸೆಯುತ್ತಾನೆ, ಆದರೆ ಗಾಲಿಯ ಸುತ್ತಳತೆಗಿಂತ ಬೇಕೆಂದೇ ಸ್ವಲ್ಪ ಚಿಕ್ಕದಾಗಿ. ನಾಲ್ಕೂವರೆ ಅಡಿಯ ಗಾಲಿಗೆ ಸುತ್ತಳತೆ 14 ಅಡಿ ಚಿಲ್ಲರೆ. ಅಷ್ಟು ಉದ್ದದ ಕಬ್ಬಿಣ ಕೆಂಪಗೆ ಕಾದರೆ ಹೆಚ್ಚುಕಡಿಮೆ ಒಂದು ಇಂಚು ಹಿಗ್ಗುತ್ತದೆ. ಬಳೆಯನ್ನು ನೆಲದ ಮೇಲೆ ಮಲಗಿಸಿ, ಸುತ್ತ ಬೆರಣಿ, ಕಟ್ಟಿಗೆ ಪೇರಿಸಿ ಬೆಂಕಿ ಕೊಡುತ್ತಾರೆ. ಕಾದದ್ದನ್ನು ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಮರ ಹೊತ್ತಿಕೊಳ್ಳುತ್ತದೆ, ಹೊಗೆ ಏಳುತ್ತದೆ, ತಕ್ಷಣ ಕೊಡಗಟ್ಟಲೆ ನೀರು. ಕಬ್ಬಿಣ ಕುಗ್ಗುವಾಗ ಇಡೀ ಗಾಲಿ ಕಿರ್ರ್ ಎಂದು ಬಿಗಿಯುತ್ತದೆ. ಅರೆಗಳು ಗುಂಭದೊಳಗೆ ಇನ್ನೂ ಆಳಕ್ಕೆ ಹೋಗಿ ಕೂರುತ್ತವೆ.

ಅಳತೆ ಒಂದಿಷ್ಟು ತಪ್ಪಿದರೂ ಕೆಟ್ಟಿತು. ಪಟ್ಟಿ ದೊಡ್ಡದಾದರೆ ಬೇಸಿಗೆಯಲ್ಲಿ ಉದುರುತ್ತದೆ, ಚಿಕ್ಕದಾದರೆ ಅರೆ ಸೀಳುತ್ತದೆ. ಕಮ್ಮಾರ ಒಂದು ಸಣ್ಣ ಚಕ್ರವನ್ನು ಗಾಲಿಯ ಅಂಚಿನ ಮೇಲೆ ಉರುಳಿಸಿ ಸುತ್ತು ಎಣಿಸಿ, ಅದೇ ಎಣಿಕೆಯಿಂದ ಕಬ್ಬಿಣವನ್ನು ಕತ್ತರಿಸುತ್ತಿದ್ದ. ಎಷ್ಟು ಕಡಿಮೆ ಬಿಡಬೇಕು ಎಂಬುದು ಮಾತ್ರ ಅವನ ಕಣ್ಣಿನ ಲೆಕ್ಕ. ಕಷ್ಟದ ಕೆಲಸ ಯಾವುದು ಎಂದು ಕೇಳಿದರೆ ನಾನು ಈ ಬಿಡುವ ಅಳತೆಯನ್ನೇ ಹೇಳುತ್ತೇನೆ, ಬೆಂಕಿಯನ್ನಲ್ಲ.

ಗಾಡಿಗೆ ಯಾವ ಮರ? ಎಲ್ಲಾ ಸಾಗವಾನಿನಾ?

ಸಾಗವಾನಿ ಸುಮ್ನೆ ಹೆಸರು ಮಾಡಿದೆ. ಗಾಡಿಗೆ ಬೇಕಾದದ್ದು ಪೆಟ್ಟು ತಡೆಯುವ ಮರ. ಬಯಲುಸೀಮೆಯಲ್ಲಿ ಗುಂಭಕ್ಕೂ ಬಳೆಗೂ ಜಾಲಿ ಬಳಸಿದರು. ನಮ್ಮ ಕಾಡಿನ ಕಡೆ ಮತ್ತಿ, ಹೊನ್ನೆ, ನಂದಿ ಇತ್ತು. ಮೂಕಿಗೆ, ಅಂದರೆ ಗಾಡಿಯಿಂದ ನೊಗದವರೆಗೆ ಚಾಚುವ ಉದ್ದ ಮರಕ್ಕೆ, ದಡಸಲು ಒಳ್ಳೆಯದು, ಏಕೆಂದರೆ ಅದು ಬಾಗುತ್ತದೆ, ಬೇಗ ಮುರಿಯುವುದಿಲ್ಲ. ನೊಗ ಎತ್ತಿನ ಹೆಗಲ ಮೇಲೆ ಕೂರುವುದರಿಂದ ಹಗುರವಿರಬೇಕು. ಸಾಗವಾನಿಯ ಮಹತ್ವ ಬಂದದ್ದು ಆಮೇಲೆ, ಬಸ್ಸು ಲಾರಿಯ ಚೌಕಟ್ಟಿಗೆ. ಮಳೆ ನೀರಿಗೆ ಅದು ಸುಲಭಕ್ಕೆ ಕೊಳೆಯುವುದಿಲ್ಲ, ತಿರುಚಿಕೊಳ್ಳುವುದಿಲ್ಲ.

ದೇವಿಮನೆ ಘಟ್ಟ ಇಳಿಯುವಾಗ ಎತ್ತಿನ ಗಾಡಿಗೆ ಬ್ರೇಕ್ ಇರ್ತಿತ್ತಾ?

ಎತ್ತಿಗೆ ಎಳೆಯಲು ಬರುತ್ತದೆ, ತಡೆಯಲು ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಗಾಲಿಯ ಹಿಂದೆ ಅಡ್ಡ ಮರ ಕಟ್ಟಿ ಹಗ್ಗದಿಂದ ಬಿಗಿಯುತ್ತಿದ್ದರು. ಮರ ಪಟ್ಟಿಗೆ ಉಜ್ಜಿ ವೇಗ ತಗ್ಗುತ್ತಿತ್ತು. ಇಳಿಜಾರು ಜೋರಿದ್ದರೆ ಒಂದು ಗಾಲಿಯನ್ನು ಸರಪಳಿಯಿಂದ ಕಟ್ಟಿಯೇ ಬಿಡುವುದು, ಅದು ತಿರುಗದೆ ಜಾರುತ್ತಾ ಬರಲಿ ಎಂದು. ಇನ್ನು ಕೆಲವರು ಹಿಂದೆ ಭಾರದ ದಿಮ್ಮಿ ಕಟ್ಟಿ ಎಳೆಸುತ್ತಿದ್ದರು.

ಗಾಡಿಯ ಅಡಿಯಲ್ಲಿ ಬಿದಿರಿನ ಅಂಡೆ ತೂಗುತ್ತಿತ್ತಲ್ಲ, ಅದರಲ್ಲಿ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ ಮಾಡಿದ್ದು. ಅಚ್ಚಿಗೆ ಅದನ್ನು ಹಚ್ಚದಿದ್ದರೆ ಗಾಡಿ ಬರುವುದು ಮೈಲಿ ದೂರಕ್ಕೆ ಕೇಳುತ್ತಿತ್ತು.

ಶಿರಸಿ ಮಾರಿಕಾಂಬೆಯ ತೇರು, ಗೋಕರ್ಣದ ತೇರು ಇವನ್ನೂ ಗಾಡಿ ಆಚಾರಿಗಳೇ ಮಾಡ್ತಿದ್ರಾ?

ಕುಲಕಸುಬು ಒಂದೇ, ಕೆಲಸ ಬೇರೆ. ತೇರಿನ ಗಾಲಿಗೆ ಅರೆ ಇರುವುದಿಲ್ಲ. ದಪ್ಪ ಹಲಗೆಗಳನ್ನು ಜೋಡಿಸಿ ಗುಂಡಗೆ ಕೆತ್ತಿದ ಗಟ್ಟಿ ಗಾಲಿ ಅದು. ವೇಗ ಬೇಕಿಲ್ಲ, ಭಾರ ತಡೆದರೆ ಸಾಕು. ತಿರುಗಿಸಲು ವ್ಯವಸ್ಥೆಯೂ ಇಲ್ಲ. ಒಂದು ಬದಿಯ ಗಾಲಿಗೆ ಮರದ ಬೆಣೆ ಕೊಟ್ಟು, ಇನ್ನೊಂದು ಬದಿ ಮುಂದೆ ಹೋಗುವಂತೆ ಮಾಡಿ ದಿಕ್ಕು ಬದಲಿಸುತ್ತಾರೆ. ಮುಂದಿನ ಸಲ ಗೋಕರ್ಣದಲ್ಲಿ ಶಿವರಾತ್ರಿಯ ಮಹಾರಥ ನೋಡುವಾಗ ಮೇಲಿನ ಪತಾಕೆ ಬಿಟ್ಟು ಗಾಲಿಯ ಹತ್ತಿರ ಓಡುವ ಬೆಣೆಯವರನ್ನು ನೋಡಿ. ನಿಜವಾದ ಚಾಲಕರು ಅವರೇ. ಕಾಲು ಜಾರಿದರೆ ಜೀವ ಹೋಗುವ ಕೆಲಸ.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಜಾತ್ರೆ. ಅದಕ್ಕೆ ಮೊದಲು ರಥದ ಮರಕ್ಕೆ ಪೂಜೆ ಮಾಡಿ, ಕಡಿದು ತರುವ ಶಾಸ್ತ್ರವಿದೆ. ದೇವಿ ರಥವೇರಿ ಬಿಡ್ಕಿ ಬಯಲಿಗೆ ಬರುತ್ತಾಳೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ರಥದ ಬಡಗಿ ಕೆಲಸ ಒಂದು ತಲೆಮಾರಿನ ಕೈಯಿಂದ ಇನ್ನೊಂದಕ್ಕೆ ಹೋಗಲು ಅವಕಾಶವಿದೆ. ಎತ್ತಿನ ಗಾಡಿಗೆ ಆ ಭಾಗ್ಯ ಸಿಗಲಿಲ್ಲ.

ಕೆತ್ತನೆ ಮಾತ್ರ ಗುಡಿಗಾರರ ಕಸುಬು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಸಾಗರಗಳಲ್ಲಿ ಅವರ ಮನೆತನಗಳಿವೆ. ಗಂಧ, ದಂತದ ಕೆತ್ತನೆಗೆ ಹೆಸರಾದವರು.

ಸೋದೆಯ ತೇರಿಗೆ ಮೂರೇ ಗಾಲಿ ಅಂತಾರೆ. ಅದು ಹೇಗೆ ನಿಲ್ಲುತ್ತೆ?

ಅದು ಸೋದೆಯಲ್ಲಿ ಹೇಳುವ ಕಥೆ. ವಾದಿರಾಜರಿಗಾಗಿ ತ್ರಿವಿಕ್ರಮ ದೇವರು ರಥದ ಸಮೇತ ಬರುವಾಗ ರಾಕ್ಷಸನೊಬ್ಬ ಅಡ್ಡ ಬಂದನಂತೆ. ವಾದಿರಾಜರ ಸೇವಕ ಭೂತರಾಜ ಒಂದು ಗಾಲಿ ಕಿತ್ತು ಆ ರಾಕ್ಷಸನಿಗೆ ಹೊಡೆದನಂತೆ. ರಥ ಉಳಿದ ಮೂರರಲ್ಲೇ ಊರು ಸೇರಿತಂತೆ. ಆಚಾರಿಯೊಬ್ಬರಿಗೆ ಈ ಕಥೆ ಹೇಳಿದಾಗ ಅವರು ನಕ್ಕು, "ಭಾರ ಸರಿಯಾಗಿ ಹಂಚಿದ್ರೆ ಮೂರೂ ಸಾಕು" ಎಂದರು. ಆಟೋರಿಕ್ಷಾ ಓಡುವುದಿಲ್ಲವೇ!

ಕಬ್ಬಿಣದ ಪಟ್ಟಿಯ ಗಾಡಿ ಯಾಕೆ ಹೋಯ್ತು?

ಮೊದಲ ಪೆಟ್ಟು ಡನ್ಲಪ್ ಗಾಡಿಯದು. ಉಕ್ಕಿನ ಅಚ್ಚು, ಬೇರಿಂಗ್, ಗಾಳಿ ತುಂಬಿದ ಟಯರು. ಅದೇ ಜೋಡಿ ಎತ್ತು ಇನ್ನೂ ಜಾಸ್ತಿ ಭಾರ ಎಳೆಯಿತು, ಟಾರು ರಸ್ತೆಯೂ ಹಾಳಾಗಲಿಲ್ಲ. ಆಮೇಲೆ ಟ್ರ್ಯಾಕ್ಟರು ಬಂದು ಎತ್ತನ್ನೇ ತೆಗೆಯಿತು. ಹಳೆಯ ಚಕ್ಕಡಿ ನೋಡುವ ಆಸೆ ಇದ್ದರೆ ಕರಾವಳಿಗಿಂತ ಮುಂಡಗೋಡ, ಹಳಿಯಾಳದ ಬಯಲಿನಲ್ಲಿ ಹುಡುಕಿ.

## ಮೋಟಾರು ಬಂದ ಮೇಲೆ

ಇದ್ದಿಲಿನಿಂದ ಬಸ್ಸು ಓಡ್ತಿತ್ತಂತೆ. ನಂಬಬಹುದಾ?

ನಂಬಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಬಸ್ಸಿನ ಹಿಂಬದಿಗೆ ಉದ್ದನೆಯ ಕಬ್ಬಿಣದ ಕೊಳವೆಯೊಂದನ್ನು ಕಟ್ಟಿದರು. ಅದರಲ್ಲಿ ಇದ್ದಿಲು ತುಂಬಿ, ಗಾಳಿ ಕಡಿಮೆ ಕೊಟ್ಟು ಉರಿಸಿದರೆ ಪೂರ್ತಿ ಸುಡದೆ ಕಾರ್ಬನ್ ಮೊನಾಕ್ಸೈಡ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಅದನ್ನು ತಣಿಸಿ, ಬೂದಿ ಸೋಸಿ ಎಂಜಿನ್ನಿಗೆ ಕೊಡುವುದು. ಬೆಳಿಗ್ಗೆ ಕ್ಲೀನರ್ ಹುಡುಗ ಪಂಖದ ಹಿಡಿ ತಿರುಗಿಸಿ ತಿರುಗಿಸಿ ಬೆಂಕಿ ಎಬ್ಬಿಸಬೇಕು. ಆಮೇಲೆ ಹೊರಡುವ ಮಾತು.

ತೊಂದರೆ ಏನೆಂದರೆ, ಈ ಅನಿಲದಲ್ಲಿ ಅರ್ಧಕ್ಕರ್ಧ ಉರಿಯದ ಸಾರಜನಕವೇ ಇರುತ್ತದೆ. ಎಂಜಿನ್ನಿನ ಶಕ್ತಿ ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಇನ್ನೂ ಜಾಸ್ತಿ ತಗ್ಗುತ್ತಿತ್ತು. ಸಪಾಟು ರಸ್ತೆಯಲ್ಲಿ ಹೇಗೋ ನಡೆಯಿತು. ಘಟ್ಟದಲ್ಲಿ? ಟಿಕೆಟ್ ಕೊಂಡವರು ಇಳಿದು ನಡೆಯುವುದು, ಗಟ್ಟಿಮುಟ್ಟಾದವರು ತಳ್ಳುವುದು. ವಿಷಾನಿಲದ ಭಯ ಬೇರೆ. ಮುಚ್ಚಿದ ಶೆಡ್ಡಿನಲ್ಲಿ ಅದನ್ನು ಹೊತ್ತಿಸುವುದು ಪ್ರಾಣಾಪಾಯವೇ. ಒಂದು ಮಾತು ಒಪ್ಪಬೇಕು: ಕಾಡಿನ ಜಿಲ್ಲೆಗೆ ಇದ್ದಿಲಿನ ಬರ ಇರಲಿಲ್ಲ.

ಸೇತುವೆ ಇಲ್ಲದಾಗ ಕಾರವಾರದಿಂದ ಹೊನ್ನಾವರಕ್ಕೆ ಬಸ್ಸು ಹೇಗೆ ಹೋಗ್ತಿತ್ತು?

ತುಂಡು ತುಂಡಾಗಿ. ನದಿಯವರೆಗೆ ಒಂದು ಬಸ್ಸು, ಮಧ್ಯೆ ದೋಣಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು. ಇಲ್ಲವಾದರೆ ಜಂಗಲ್. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದರೆ ಜಂಗಲ್ ಆಯಿತು. ಅದರ ಮೇಲೆ ಕಾರನ್ನೋ ಲಾರಿಯನ್ನೋ ಏರಿಸುವುದು. ಉಬ್ಬರ ಇಳಿತ ನೋಡಿ ಹತ್ತಿಸಬೇಕು, ಇಲ್ಲದಿದ್ದರೆ ಹಲಗೆಯ ಇಳಿಜಾರು ಕಡಿದಾಗಿ ಮುಂದಿನ ಗಾಲಿ ನೀರು ನೋಡುತ್ತದೆ. ಈ ಜಂಗಲ್ ಕಟ್ಟಿದವರು ಹಡಗು ದೋಣಿಯ ಬಡಗಿಗಳು ಎಂಬುದನ್ನು ಮರೆಯಬೇಡಿ. ವಾಹನ ಪರಂಪರೆಯ ಪಟ್ಟಿಯಲ್ಲಿ ಅವರಿಗೂ ಜಾಗ ಬೇಕು.

ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿಗೆ ಸೇತುವೆ ಬಂದದ್ದು 1980ರ ದಶಕದಲ್ಲಿ. ಆ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು, ಲಾರಿಯೊಂದು ನದಿಗೆ ಬಿತ್ತು. ತದಡಿ, ಅಘನಾಶಿನಿ ಊರುಗಳ ನಡುವೆ ಬಾರ್ಜ್ ಹತ್ತಿದರೆ ಹಳೆ ಪ್ರಯಾಣದ ರುಚಿ ಸ್ವಲ್ಪ ಸಿಗುತ್ತದೆ.

ನಮ್ಮ ಹಳೆ ಬಸ್ಸುಗಳು ಬಾಂಬೆಯವಾ, ಮೈಸೂರಿನವಾ?

ಎರಡೂ. ಮೊದಲು ಖಾಸಗಿಯವರು. ಬಾಂಬೆ ಸರ್ಕಾರದ ಸಾರಿಗೆ ಶುರುವಾದದ್ದು 1948ರಲ್ಲಿ, ಆಗ ನಾವು ಬಾಂಬೆ ರಾಜ್ಯ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. 1961ರಲ್ಲಿ ಮೈಸೂರು ರಸ್ತೆ ಸಾರಿಗೆ ನಿಗಮವಾಯಿತು. 1997ರಿಂದ ವಾಯವ್ಯ ಸಾರಿಗೆ.

ಹಾಗಾದ್ರೆ ಗಾಡಿ ಮಾಡುತ್ತಿದ್ದ ಆಚಾರಿಗಳೆಲ್ಲ ಎಲ್ಲಿ ಹೋದ್ರು?

ನನಗೆ ಅತಿ ಇಷ್ಟದ ಪ್ರಶ್ನೆ. ಬಹಳ ಮಂದಿ ರಸ್ತೆ ಬದಿಯ ಶೆಡ್ಡಿಗೆ ಹೋದರು. ಆ ಕಾಲದಲ್ಲಿ ಲಾರಿ ಎಂದರೆ ಕಂಪನಿಯಿಂದ ಬರುತ್ತಿದ್ದದ್ದು ಚಾಸಿ ಮಾತ್ರ: ಎಂಜಿನ್, ನಾಲ್ಕಾರು ಗಾಲಿ, ಎರಡು ಉದ್ದ ಉಕ್ಕಿನ ತೊಲೆ. ಚಾಲಕ ಪೆಟ್ಟಿಗೆಯ ಮೇಲೆ ಕೂತು, ತಲೆಗೆ ಬಟ್ಟೆ ಸುತ್ತಿಕೊಂಡು ಓಡಿಸಿಕೊಂಡು ಬರುತ್ತಿದ್ದ. ಕ್ಯಾಬಿನ್, ಹಿಂದಿನ ಮೈ, ಬಾಗಿಲು, ಬಸ್ಸಾದರೆ ಸೀಟು, ಕಿಟಕಿಯ ಚೌಕಟ್ಟು ಎಲ್ಲವೂ ಊರಿನ ಬಡಗಿಯ ಕೈಕೆಲಸ. ಸಾಗವಾನಿ ಚೌಕಟ್ಟು, ಮೇಲೆ ತಗಡು.

ಗಾಡಿಯ ವಿದ್ಯೆ ಇಲ್ಲಿ ಬೇಗ ಕೆಲಸಕ್ಕೆ ಬಂತು. ಕುಲುಕಾಟಕ್ಕೆ ಬಿಡದ ಕೀಲು ಹಾಕುವುದು ಅವರಿಗೆ ಗೊತ್ತಿತ್ತು. ಮೊಳೆ ಹೊಡೆದ ಮೈ ಘಟ್ಟದ ಕುಲುಕಾಟಕ್ಕೆ ಒಂದು ಮಳೆಗಾಲ ಕಳೆಯುವುದರೊಳಗೆ ಗಡಗಡ ಎನ್ನುತ್ತದೆ, ಕೀಲು ಹಾಕಿದ್ದು ಎನ್ನುವುದಿಲ್ಲ. ಕಮ್ಮಾರರು ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಗ್ಗಿಸುವ ಕೆಲಸಕ್ಕೆ ಬಂದರು. ಗಾಲಿಯ ಪಟ್ಟಿ ಕಾಯಿಸಿದ ಅದೇ ಕುಲುಮೆ, ಅದೇ ಕಣ್ಣಳತೆ. ಕಾಡಿನ ನಾಟಾ ಸಾಗಿಸುವ ಲಾರಿಗೆ ಮಾತ್ರ ಮೈಯೇ ಬೇಡ, ದಿಮ್ಮಿ ತಡೆಯುವ ಗಟ್ಟಿ ಗೂಟ ಸಾಕು. ದಾಂಡೇಲಿಯಲ್ಲಿ ಆನೆ ದಿಮ್ಮಿ ಎಳೆಯುತ್ತಿದ್ದರೆ, ಊರಿಗೆ ಸಾಗಿಸುತ್ತಿದ್ದದ್ದು ಲಾರಿ.

ಕಾರ್ಖಾನೆಯಲ್ಲೇ ಪೂರ್ತಿ ಕಟ್ಟಿದ ಉಕ್ಕಿನ ಕ್ಯಾಬಿನ್ ಬಂದ ಮೇಲೆ ಈ ಕೆಲಸವೂ ಕಡಿಮೆಯಾಯಿತು. ಅವರ ಮಕ್ಕಳು ಈಗ ಫರ್ನಿಚರ್, ವೆಲ್ಡಿಂಗ್ ಮಾಡುತ್ತಾರೆ. ಹಳೆಯ ಶೆಡ್ಡು ಕಂಡರೆ ಒಳಗೆ ಇಣುಕಿ. ಮೂಲೆಯಲ್ಲಿ ಗಾಲಿಯ ಅಚ್ಚುಹಲಗೆ ಇದ್ದರೂ ಇರಬಹುದು.

## ಹುಡುಕಾಟಕ್ಕೆ ಇಳಿದವರಿಗೆ

ಒಂದೆರಡು ದಿನ ರಜೆ ಇದೆ. ಎಲ್ಲಿಗೆ ಹೋದ್ರೆ ಕಣ್ಣಿಗೆ ಏನಾದ್ರೂ ಸಿಗುತ್ತೆ?

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ, ಸುಮಾರು 60 ಕಿಲೋಮೀಟರ್. ರಸ್ತೆ ಅಗಲವಾಗುತ್ತಿದೆ, ಹಳೆ ತಿರುವು ಉಳಿದಿರುವಾಗಲೇ ನೋಡುವುದು ಒಳ್ಳೆಯದು. ಬನವಾಸಿಯ ತೇರು ನೋಡಿ. ಕಾರವಾರದಿಂದ ಗಡಿ ದಾಟಿದರೆ ಗೋವಾದ ಬೆನೌಲಿಂನಲ್ಲಿ ಗೋವಾ ಚಕ್ರ ಸಂಗ್ರಹಾಲಯವಿದೆ. ಗಾಡಿ, ಸಾರೋಟು, ಮೇನೆಗಳನ್ನು ಒಂದೇ ಸೂರಿನಡಿ ನೋಡಬೇಕಾದರೆ ನಮಗೆ ಹತ್ತಿರದ್ದು ಅದೇ. ಹಳೆ ಕಾರುಗಳಿಗೆ ಧರ್ಮಸ್ಥಳ, ಇಲ್ಲವೇ ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯ. ನಮ್ಮ ಜಿಲ್ಲೆಯೊಳಗೆ ಇಂಥದ್ದು ಒಂದೂ ಇಲ್ಲ. ಕಾರವಾರ ಕಡಲತೀರದಲ್ಲಿ ಯುದ್ಧನೌಕೆಯನ್ನೇ ನಿಲ್ಲಿಸಲು ಸಾಧ್ಯವಾದರೆ, ಒಂದು ಚಕ್ಕಡಿ ಮತ್ತು ಮರದ ಮೈಯ ಲಾರಿ ನಿಲ್ಲಿಸಲು ಜಾಗ ಸಿಗುವುದಿಲ್ಲವೇ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಕೊಟ್ಟಿಗೆಯಲ್ಲಿ ಹಳೆ ಗಾಲಿ ಬಿದ್ದಿದೆ. ವಾರ್ನಿಶ್ ಹೊಡೆದು ಗೇಟಿಗೆ ಹಾಕಲಾ?

ಸ್ವಲ್ಪ ತಾಳಿ. ಮೊದಲು ಮಣ್ಣಿನಿಂದ ಎತ್ತಿ ಕಲ್ಲಿನ ಮೇಲಿಡಿ, ನಮ್ಮಲ್ಲಿ ಗೆದ್ದಲೇ ದೊಡ್ಡ ಶತ್ರು. ಒಣ ಬ್ರಷ್ಷಿನಿಂದ ಧೂಳು ತೆಗೆದು, ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಹಚ್ಚಿ. ದಪ್ಪ ವಾರ್ನಿಶ್ ಒಳಗಿನ ತೇವ ಹಿಡಿದಿಟ್ಟು ಮರ ಕೊಳೆಸುತ್ತದೆ. ಬೇಸಿಗೆಯಲ್ಲಿ ಪಟ್ಟಿ ಸಡಿಲವಾದರೆ ಗಾಬರಿ ಬೇಡ, ಮರ ಒಣಗಿ ಕುಗ್ಗಿದೆ ಅಷ್ಟೆ. ಮೊಳೆ ಮಾತ್ರ ಹೊಡೆಯಬೇಡಿ. ಹೊಸ ಅರೆ ಬೇಕಾದರೆ ರಸೀದಿ ಕೊಡುವ ಮರದ ಡಿಪೋದಿಂದ ಮರ ತನ್ನಿ.

ಅಜ್ಜನ ಜೀಪು ಶೆಡ್ಡಿನಲ್ಲಿದೆ. ವಿಂಟೇಜ್ ಅಂತ ನೋಂದಾಯಿಸಬಹುದಾ?

2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆಗಲ್ಲದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಕ್ಕೆ ಅವಕಾಶವಿದೆ. ಚಾಸಿ, ಮೈ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಬೊಲೆರೋ ಎಂಜಿನ್ ಕೂರಿಸಿದ ಜೀಪಿಗೆ ಇದು ಕಷ್ಟ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಬಾಳಿಕೆ, ಮರುನೋಂದಣಿಗೆ 5,000. ಮೊದಲೇ ನೋಂದಣಿ ಇದ್ದರೆ ಹಳೆ ನಂಬರ್ ಉಳಿಸಿಕೊಳ್ಳಬಹುದು. ಆದರೆ ದಿನಾ ಪೇಟೆಗೆ ಒಯ್ಯುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗಿಳಿಯಬಹುದು. ತೋಟದಿಂದ ಅಡಿಕೆ ತರಲು ಬೇಕೆಂದರೆ ಈ ದಾರಿ ಹಿಡಿಯಬೇಡಿ.

ಹಳೆ ಫೋಟೋದಲ್ಲಿ ಒಂದು ಲಾರಿ, ಒಂದು ಜೀಪು ಇದೆ. ಯಾವ ಕಾಲದ್ದು ಅಂತ ಹೇಗೆ ಹೇಳೋದು?

ನಂಬರ್ ಪ್ಲೇಟಿನಿಂದ ಶುರು ಮಾಡಿ. ಕೆಎ-30 ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ಕೆಎ ಇದ್ದರೆ ಅದು 1989ರ ನಿಯಮದ ಆಚೆಯದು. ಎಂವೈ ಇದ್ದರೆ ಮೈಸೂರು ಕಾಲದ ಸರಣಿ. ಲಾರಿಯ ಮೂತಿಯಲ್ಲಿ ಟಾಟಾ ಹೆಸರಿನ ಜೊತೆ ಬೆಂಜ್‌ನ ಮೂರು ಮೊನೆಯ ನಕ್ಷತ್ರ ಕಂಡರೆ, ಆ ಒಪ್ಪಂದ ನಡೆದದ್ದು 1954ರಿಂದ 1969ರವರೆಗೆ. ಜೀಪಿನ ಮುಂದೆ ಒಂಬತ್ತು ಸೀಳು ಇದ್ದರೆ ಯುದ್ಧಕಾಲದ ಮಿಲಿಟರಿ ಜೀಪು, ಏಳಿದ್ದರೆ ಆಮೇಲಿನ ನಾಗರಿಕ ಜೀಪು. ಪಕ್ಕದಲ್ಲಿ ಅಂಬಾಸಿಡರ್ ಇದ್ದರೆ 1957ಕ್ಕಿಂತ ಹಿಂದಿನ ಫೋಟೋ ಆಗಲಾರದು. ಇಷ್ಟೂ ಕಾಣದಿದ್ದರೆ ಫೋಟೋ ತಿರುಗಿಸಿ ಹಿಂದೆ ಸ್ಟುಡಿಯೋದ ಸೀಲು ಇದೆಯಾ ನೋಡಿ.